ಟಿಕೆಟ್ ಹಣದಲ್ಲಿ ಬದುಕಿದ ಕೂಸುಗಳು

ಇಪ್ಪತ್ತನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಬಡ ತಂದೆತಾಯಿ, ತಿಂಗಳು ತುಂಬದೆ ಹುಟ್ಟಿದ ಮಗುವನ್ನು ಉಳಿಸಿಕೊಳ್ಳಲು ಹೋಗುತ್ತಿದ್ದುದು ಕೋನಿ ಐಲ್ಯಾಂಡಿನ ಮನರಂಜನಾ ಉದ್ಯಾನಕ್ಕೆ! ಆಟ, ತಿಂಡಿಯಂಗಡಿಗಳ ಗದ್ದಲದ ನಡುವೆ ಅಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಪುಟ್ಟ ಕೂಸುಗಳು ಮಲಗಿರುತ್ತಿದ್ದವು. ನೋಡಲು ಟಿಕೆಟ್, ಬಹುಕಾಲ ಅದರ ದರ 25 ಸೆಂಟ್.

ಈ ಪೆಟ್ಟಿಗೆಯ ಮೂಲ ಪ್ಯಾರಿಸ್. ಮೃಗಾಲಯದಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಯಂತ್ರವನ್ನು ಕಂಡ ಹೆರಿಗೆ ತಜ್ಞ ತಾರ್ನಿಯೆ, ಅಂಥದ್ದನ್ನೇ ಕೂಸುಗಳಿಗೂ ಮಾಡಿಸಿ 1880ರ ಸುಮಾರಿಗೆ ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಇರಿಸಿದ. ದಿನ ತುಂಬದ ಮಗುವಿನ ಚರ್ಮದಡಿ ಕೊಬ್ಬು ಕಡಿಮೆ; ಮೈಬಿಸಿ ಬೇಗ ಆರಿಹೋಗುತ್ತದೆ. ಆ ಬಿಸಿಯನ್ನು ಕಾಯ್ದರೆ ಅರ್ಧ ಗೆದ್ದಂತೆ. ತಾರ್ನಿಯೆಯ ಶಿಷ್ಯ ಬುದಾಂ ತಾಯಿಹಾಲಿಗೂ ಶುಚಿತ್ವಕ್ಕೂ ಅಷ್ಟೇ ಒತ್ತುಕೊಟ್ಟ.

ಅಮೆರಿಕದ ಹೆಚ್ಚಿನ ಆಸ್ಪತ್ರೆಗಳು ಮಾತ್ರ ಹಿಂಜರಿದವು. ಬದುಕುವುದೇ ಅನುಮಾನವಾದ ಕೂಸಿಗೆ ಹಗಲಿರುಳು ದಾದಿಯರನ್ನು ಇಡುವವರು ಯಾರು? ಖರ್ಚು ದೊಡ್ಡದು. ದುರ್ಬಲರು ಉಳಿದು ಪೀಳಿಗೆ ಕೆಡಿಸಬಾರದೆಂದು ವಾದಿಸುವ ಪಂಡಿತರೂ ಆಗ ಇದ್ದರು.

ಈ ಖರ್ಚಿಗೆ ದಾರಿ ಹುಡುಕಿದವನು ಮಾರ್ಟಿನ್ ಕೂನಿ. 1903ರಿಂದ ಕೋನಿ ಐಲ್ಯಾಂಡಿನಲ್ಲಿ ಪ್ರದರ್ಶನ ನಡೆಸಿದ ಆತ ತಂದೆತಾಯಿಗಳಿಂದ ಬಿಡಿಗಾಸೂ ಪಡೆಯಲಿಲ್ಲ. ಟಿಕೆಟ್ ಹಣವೇ ದಾದಿಯರ, ಎದೆಹಾಲು ಕೊಡುವ ಹೆಂಗಸರ ಸಂಬಳ. ಚೀಪಲಾರದ ಕೂಸಿಗೆ ಚಮಚದಿಂದ ಮೂಗಿನ ಮೂಲಕ ಹಾಲು ಹನಿಸುತ್ತಿದ್ದರು. ಹಾಲೂಡುವವಳು ಉದ್ಯಾನದ ಕರಿದ ತಿಂಡಿ ತಿಂದು ಸಿಕ್ಕಿಬಿದ್ದರೆ ಕೆಲಸ ಹೋಯಿತೆಂದೇ ಲೆಕ್ಕ!

ಕೂಸುಗಳನ್ನು ತೋರಿಸಿ ದುಡ್ಡು ಮಾಡುವುದೇ ಎಂದು ಹಲವರು ಮೂಗು ಮುರಿದರು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. 1911ರಲ್ಲಿ ಅಲ್ಲಿನ ಡ್ರೀಮ್‌ಲ್ಯಾಂಡ್ ಉದ್ಯಾನ ಸುಟ್ಟುಹೋದಾಗ ಪೆಟ್ಟಿಗೆಯ ಕೂಸುಗಳನ್ನೆಲ್ಲ ಹೊತ್ತು ಹೊರತರಬೇಕಾಯಿತು. ಪುಣ್ಯಕ್ಕೆ ಎಲ್ಲವೂ ಉಳಿದವು. ಕೂನಿಗೆ ವೈದ್ಯಪದವಿ ಇತ್ತೆನ್ನಲು ಇಂದಿಗೂ ದಾಖಲೆ ಸಿಕ್ಕಿಲ್ಲ. ಆದರೆ ಕೂಸನ್ನು ಅವನ ಬಳಿಗೇ ಕಳುಹಿಸಿದ ವೈದ್ಯರೂ ಇದ್ದರು, ಬೇರೆ ದಾರಿ ಅವರಿಗಾದರೂ ಎಲ್ಲಿತ್ತು? ಅವನ ಸ್ವಂತ ಮಗಳೂ 1907ರಲ್ಲಿ ಅವಧಿಗೆ ಮುನ್ನ ಹುಟ್ಟಿ ಇಂಥದೇ ಪೆಟ್ಟಿಗೆಯಲ್ಲಿ ಬದುಕಿದಳು, ಮುಂದೆ ಅಪ್ಪನ ಬಳಿಯೇ ದಾದಿಯಾದಳು.

ತನ್ನ ಕೈಗೆ ಬಂದ ಸುಮಾರು 8,000 ಕೂಸುಗಳಲ್ಲಿ 6,500 ಉಳಿದವೆಂಬುದು ಕೂನಿಯ ಲೆಕ್ಕ. 1943ರ ಹೊತ್ತಿಗೆ ನ್ಯೂಯಾರ್ಕಿನ ದೊಡ್ಡ ಆಸ್ಪತ್ರೆಯಲ್ಲೇ ಇಂಥ ಕೂಸುಗಳಿಗೆ ಪ್ರತ್ಯೇಕ ವಿಭಾಗ ತೆರೆಯಿತು. ಕೂನಿ ಅದೇ ವರ್ಷ ಕೋನಿ ಐಲ್ಯಾಂಡಿನ ಬಾಗಿಲು ಹಾಕಿದ.