ಬಡವರ ಫೋನಿಗೆ ಒಂಬತ್ತೂಕಾಲು ಡಾಲರ್

ಅಮೆರಿಕದ ದೊಡ್ಡ ನಗರಗಳಲ್ಲಿ ಆಹಾರ ನೆರವಿನ ಕಚೇರಿಗಳ ಹೊರಗೆ, ಫುಟ್‌ಪಾತಿನ ಮೇಲೆ, ಆಗಾಗ ಒಂದು ಪುಟ್ಟ ಟೆಂಟು ಎದ್ದಿರುತ್ತದೆ. ಮಡಚುವ ಮೇಜು, ‘ಫ್ರೀ ಫೋನ್’ ಎಂಬ ಬ್ಯಾನರು, ಟ್ಯಾಬ್ಲೆಟ್ ಹಿಡಿದ ಏಜೆಂಟ್. ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನ ಫಲಾನುಭವಿ ಎಂದೋ ಆಹಾರ ನೆರವು ಪಡೆಯುವವರೆಂದೋ ಸಾಬೀತಾದರೆ ಅಗ್ಗದ ಸ್ಮಾರ್ಟ್‌ಫೋನ್ ಕೈಗೆ ಬರುತ್ತದೆ. ಆ ಫೋನು ಸರ್ಕಾರದ್ದೆಂದು ಅಲ್ಲಿಯ ಜನರೂ ನಂಬಿದ್ದಾರೆ. ಆದರೆ ‘ಲೈಫ್‌ಲೈನ್’ ಯೋಜನೆ ಕೊಡುವುದು ತಿಂಗಳಿಗೆ 9.25 ಡಾಲರ್ ರಿಯಾಯಿತಿ, ಅಷ್ಟೇ. ಅದೂ ಫಲಾನುಭವಿಯ ಕೈಗಲ್ಲ, ಕಂಪನಿಯ ಖಾತೆಗೆ. ಫೋನು ಗಿರಾಕಿಯನ್ನು ಹಿಡಿದಿಡಲು ಕಂಪನಿ ಹಾಕುವ ಬಂಡವಾಳ.

ಯೋಜನೆ ಹುಟ್ಟಿದ್ದು 1985ರಲ್ಲಿ, ರೇಗನ್ ಕಾಲದಲ್ಲಿ. ಅದರ ಹಿಂದಿನ ವರ್ಷ, ಜನವರಿ 1ರಂದು, ಎಟಿ ಅಂಡ್ ಟಿ ಎಂಬ ದೈತ್ಯ ಕಂಪನಿಯನ್ನು ಒಡೆಯಲಾಗಿತ್ತು. ಅಲ್ಲಿಯವರೆಗೆ ದೂರದ ಊರಿನ ಕರೆಗಳ ಲಾಭದಿಂದ ಸ್ಥಳೀಯ ದರ ಕೈಗೆಟುಕುವಂತಿತ್ತು. ಕಂಪನಿ ಒಡೆದಮೇಲೆ ಪ್ರತಿ ಮನೆಯ ಬಿಲ್ಲಿಗೂ ಹೊಸ ಲೈನ್ ಶುಲ್ಕ ಸೇರಿತು. ಬಡವರು ಫೋನನ್ನೇ ಕೈಬಿಡುತ್ತಾರೆಂಬ ಭಯ ಹುಟ್ಟಿತು. ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಈ ರಿಯಾಯಿತಿ ತಂದದ್ದು ಆಗ. 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ಮನೆಮಠ ಕಳೆದುಕೊಂಡವರಿಗೆ ಗೋಡೆಗೆ ಕಟ್ಟಿದ ಫೋನಿನಿಂದ ಏನು ಉಪಯೋಗ? ಅವರಿಗೆ ಮೊಬೈಲ್ ನೆರವು ಸಿಕ್ಕಿತು. ಅದೇ ವರ್ಷ ಟ್ರಾಕ್‌ಫೋನ್ ಎಂಬ ಪ್ರೀಪೇಡ್ ಕಂಪನಿಗೆ ಯೋಜನೆಯೊಳಗೆ ಬರುವ ದಾರಿ ಸುಗಮವಾಗಿ, 2008ರಲ್ಲಿ ಅದರ ಲೈಫ್‌ಲೈನ್ ಸೇವೆ ‘ಸೇಫ್‌ಲಿಂಕ್’ ಬಂತು. 2012ರ ಚುನಾವಣೆ ಹೊತ್ತಿಗೆ ಕ್ಲೀವ್‌ಲ್ಯಾಂಡಿನ ಮಹಿಳೆಯೊಬ್ಬರ ವಿಡಿಯೊ ಹರಿದಾಡಿ, ‘ಒಬಾಮಾ ಫೋನ್’ ಎಂಬ ಕುಹಕ ಮನೆಮಾತಾಯಿತು. ರೇಗನ್ ಕಾಲದ ಯೋಜನೆಗೆ ಒಬಾಮಾ ಹೆಸರು!

ದುರುಪಯೋಗ ಆಗಲಿಲ್ಲವೇ? ಧಾರಾಳವಾಗಿ ಆಯಿತು. 35 ಲಕ್ಷ ಫಲಾನುಭವಿಗಳ ದಾಖಲೆ ಪರಿಶೀಲಿಸಿದ ಸರ್ಕಾರಿ ಲೆಕ್ಕಪರಿಶೋಧಕರಿಗೆ ಸುಮಾರು 12 ಲಕ್ಷ ಜನರ ಅರ್ಹತೆ ಖಚಿತವಾಗಲಿಲ್ಲ ಎಂದು 2017ರ ವರದಿ ಹೇಳಿತು. ಆದರೆ ಬೊಟ್ಟು ಮಾಡಬೇಕಾದದ್ದು ಟೆಂಟಿನ ಮುಂದೆ ನಿಂತವರ ಕಡೆಗಲ್ಲ, ಹಿಂದಿದ್ದವರ ಕಡೆಗೆ. ಏಜೆಂಟರಿಗೆ ತಲೆಯೊಂದಕ್ಕೆ ಇಂತಿಷ್ಟು ಕಮಿಷನ್ ಸಿಗುತ್ತಿತ್ತು. ಅದಕ್ಕೆ ನಿಷೇಧ ಬಿದ್ದದ್ದು 2019ರಲ್ಲಿ. ಮರುವರ್ಷ ಸ್ಪ್ರಿಂಟ್ ಕಂಪನಿ 20 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಫೋನನ್ನೇ ಬಳಸದ 8.85 ಲಕ್ಷ ಗ್ರಾಹಕರ ಹೆಸರಿನಲ್ಲಿ ಅದು ಸಬ್ಸಿಡಿ ಪಡೆದಿತ್ತೆಂಬುದು ಆರೋಪ.

ಬಿಗಿಯಾದ ನಿಯಮಗಳ ಭಾರ ಮಾತ್ರ ಬಡವರ ಮೇಲೇ ಬಿತ್ತು. ಒಂದು ಕುಟುಂಬಕ್ಕೆ ಒಂದೇ ಸೌಲಭ್ಯ. ವರ್ಷಕ್ಕೊಮ್ಮೆ ಅರ್ಹತೆಯ ಮರುಪರೀಕ್ಷೆ. ನಿರಾಶ್ರಿತರ ವಸತಿಯಲ್ಲಿ ಮಲಗುವ ಇಬ್ಬರು ಅದೇ ವಿಳಾಸ ಕೊಟ್ಟರೆ, ತಮ್ಮ ಸಂಸಾರ ಬೇರೆ, ದುಡ್ಡುಕಾಸು ಬೇರೆ ಎಂದು ಇನ್ನೊಂದು ಫಾರಂ ತುಂಬಬೇಕು. ಬಿಲ್ಲಿಲ್ಲದ ಪುಕ್ಕಟೆ ಫೋನನ್ನು 30 ದಿನ ಬಳಸದಿದ್ದರೆ ನೋಟಿಸು, ಆಮೇಲೂ 15 ದಿನ ಸುಮ್ಮನಿದ್ದರೆ ಹೆಸರು ರದ್ದು. ಕಾಯಿಲೆಬಿದ್ದು ಆಸ್ಪತ್ರೆ ಸೇರಿದವರಿಗೆ ಇದೆಂಥ ಶಿಕ್ಷೆಯಾದೀತೆಂದು ಊಹಿಸಿ. ಅರ್ಹರಲ್ಲಿ ಕಾಲುಭಾಗದಷ್ಟು ಜನವೂ ಯೋಜನೆಗೆ ಸೇರಿಲ್ಲದಿರುವುದು ನನಗೆ ಅಚ್ಚರಿ ತರುವುದಿಲ್ಲ.

2016ರಲ್ಲಿ ರಿಯಾಯಿತಿ ಬ್ರಾಡ್‌ಬ್ಯಾಂಡಿಗೂ ಸಿಗುವಂತಾಯಿತು. ಮೂಲನಿವಾಸಿ ಬುಡಕಟ್ಟುಗಳ ನೆಲದಲ್ಲಿ ಅದು 34.25 ಡಾಲರ್‌ವರೆಗೆ ಇದೆ. ಇಂಟರ್ನೆಟ್ ಬೇಡ, ಮಾತು ಸಾಕು ಎನ್ನುವ ಮುದುಕಿಗೆ ಮಾತ್ರ ರಿಯಾಯಿತಿ 5.25ಕ್ಕೆ ಇಳಿದಿದೆ. ಕೋವಿಡ್ ಕಾಲದ ನೆರವಿನಿಂದ ಬೆಳೆದ ಇನ್ನೊಂದು ಯೋಜನೆ ಇಂಟರ್ನೆಟ್ ಬಿಲ್ಲಿಗೆ ತಿಂಗಳಿಗೆ 30 ಡಾಲರ್ ಕೊಡುತ್ತಿತ್ತು. 2.3 ಕೋಟಿ ಕುಟುಂಬಗಳು ಸೇರಿದ್ದವು. ಸಂಸತ್ತು ಮತ್ತೆ ದುಡ್ಡು ಕೊಡದ ಕಾರಣ 2024ರ ಜೂನ್ 1ಕ್ಕೆ ಅದು ನಿಂತೇಹೋಯಿತು.

ಲೈಫ್‌ಲೈನ್ ಉಳಿದದ್ದು ಅದರ ದುಡ್ಡು ಬೇರೆ ಕಡೆಯಿಂದ ಬರುವುದರಿಂದ. 1996ರ ಕಾಯ್ದೆಯ ಪ್ರಕಾರ ಟೆಲಿಕಾಂ ಕಂಪನಿಗಳು ‘ಯೂನಿವರ್ಸಲ್ ಸರ್ವಿಸ್’ ನಿಧಿಗೆ ಹಣ ಕಟ್ಟುತ್ತವೆ, ಅದನ್ನು ಗ್ರಾಹಕರ ಬಿಲ್ಲಿಗೆ ದಾಟಿಸುತ್ತವೆ. ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸ್‌ನಲ್ಲೋ ಇರುವ ನಮ್ಮವರು ತಮ್ಮ ಬಿಲ್ಲಿನ ಕೊನೆಯ ಸಾಲುಗಳನ್ನು ನೋಡಿದರೆ ಸಾಮಾನ್ಯವಾಗಿ ಆ ಶುಲ್ಕ ಕಂಡೀತು. ಇದು ಅಕ್ರಮ ತೆರಿಗೆ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ 6–3ರಿಂದ ತಳ್ಳಿಹಾಕಿತು.

ಇಂಥದೇ ನಿಧಿ ನಮ್ಮಲ್ಲೂ ಇದೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಅದು ಟವರಿಗೆ, ಗ್ರಾಮ ಪಂಚಾಯಿತಿಗೆ ಎಳೆಯುವ ಕೇಬಲ್ಲಿಗೆ ಖರ್ಚಾಗುತ್ತದೆ. ಟವರು ಊರಿಗೆ ಬಂದ ಮೇಲೂ ರೀಚಾರ್ಜಿನ ದುಡ್ಡನ್ನು ಕೂಲಿಯವನೇ ಹೊಂಚಬೇಕು. ಆ ಮಟ್ಟಿಗೆ, ಬಡವರ ತಿಂಗಳ ಬಿಲ್ಲಿಗೇ ಕೈಹಾಕಿದ ಅಮೆರಿಕದ ಲೆಕ್ಕ ನೇರವಾದದ್ದು. ಮೊತ್ತದಲ್ಲಿ ಮಾತ್ರ ಅದು ಜಿಪುಣ. ಒಂಬತ್ತೂಕಾಲು ಡಾಲರ್ ನಿಗದಿಯಾದದ್ದು 2012ರಲ್ಲಿ. ಅದಾದ ಮೇಲೆ ಬೆಲೆಗಳೆಲ್ಲ ಏರಿದವು, ರಿಯಾಯಿತಿ ಒಂದು ಸೆಂಟೂ ಏರಲಿಲ್ಲ.