ಪಾಯಿಂಟು ಯಾರದು, ಪಂದ್ಯ ಯಾರದು

ಅಂಕಲಿ ಸುತ್ತಮುತ್ತ ಕಬಡ್ಡಿಯನ್ನು ಯಾರಿಗೂ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಕೃಷ್ಣೆಯ ಆಚೆ ಕಾಗವಾಡ, ಅಥಣಿ, ಈಚೆ ಚಿಕ್ಕೋಡಿ, ರಾಯಬಾಗ, ಪಶ್ಚಿಮಕ್ಕೆ ನಿಪ್ಪಾಣಿ. ಈ ಪಟ್ಟಿಯ ಹಿರಿಯರು ಹುತುತು ಎಂದು ಆಡಿದ್ದನ್ನೇ ಇವತ್ತಿನ ಹುಡುಗರು ಮ್ಯಾಟಿನ ಮೇಲೆ ಆಡುತ್ತಾರೆ. ಗಡಿ ದಾಟಿದರೆ ಮಿರಜ, ಸಾಂಗ್ಲಿ, ಕೊಲ್ಹಾಪುರ. ಅಲ್ಲಿಯೂ ಇದೇ ಹುಚ್ಚು. ಪಂದ್ಯ ಮುಗಿದ ಮೇಲೆ ಕೇಳುವ ಪ್ರಶ್ನೆಯೂ ಎರಡೂ ಕಡೆ ಒಂದೇ: “ಅಂವಾ ಎಷ್ಟ್ ಪಾಯಿಂಟ್ ತಂದಾ?”

ಈ ಪ್ರಶ್ನೆಗೆ ಉತ್ತರ ಸುಲಭ, ಆದರೆ ಆ ಉತ್ತರದಿಂದ ಪಂದ್ಯ ಅರ್ಥವಾಗುವುದಿಲ್ಲ. ಪಂದ್ಯ ಅರ್ಥವಾಗಬೇಕಾದರೆ ಇನ್ನೊಂದು ಕಸುಬು ಬೇಕು. ಅಂಗಳದ ಪಕ್ಕ ನೋಟ್‌ಬುಕ್ ಹಿಡಿದು ಕೂತು, ಒಂದೊಂದೇ ರೇಡ್ ಬರೆದುಕೊಂಡು, ರಾತ್ರಿ ಆ ಸಾಲುಗಳನ್ನು ಬಿಡಿಸಿ ಓದುವ ಕಸುಬು ಅದು. ದೊಡ್ಡ ಲೀಗುಗಳಲ್ಲಿ ಇದಕ್ಕೆಂದೇ ಸಂಬಳದ ಜನ ಇದ್ದಾರೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಂಥ ಕಡೆ ಈ ಕೆಲಸ ಮಾಡಬಲ್ಲವನು ಹನ್ನೆರಡರ ಪಟ್ಟಿಯಲ್ಲಿ ಹೆಸರು ಬಾರದ ಹುಡುಗನೋ ಮೊಣಕಾಲು ನೋವಿಗೆ ಕೂತವನೋ ಆಗಿರುತ್ತಾನೆ. ಒಳ್ಳೆಯ ಕಣ್ಣಿದ್ದರೆ ಅವನು ಆ ಋತುವಿನಲ್ಲಿ ತಂಡಕ್ಕೆ ಒಬ್ಬ ಕಾರ್ನರ್‌ನಷ್ಟೇ ಬೇಕಾದವನಾಗುತ್ತಾನೆ ಎಂದು ನಾನು ನಂಬುತ್ತೇನೆ.

ಆಟಗಾರರ ಆಟವನ್ನು ಹೀಗೆ ಲೆಕ್ಕ ಹಾಕುವ ವಿದ್ಯೆ ಚೆನ್ನಾಗಿ ಬೆಳೆದ ಕಡೆಗಳಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಒಂದು. 2004ರಲ್ಲಿ ಡೀನ್ ಆಲಿವರ್ ಬರೆದ ‘ಬಾಸ್ಕೆಟ್‌ಬಾಲ್ ಆನ್ ಪೇಪರ್’ ಪುಸ್ತಕ ಒಂದು ಸರಳ ಮಾತನ್ನು ಹಿಡಿದು ಕೂತಿತು: ಪಂದ್ಯಕ್ಕೆ ಎಷ್ಟು ಅಂಕ ಎಂದು ಎಣಿಸಬೇಡಿ, ಚೆಂಡು ಕೈಗೆ ಬಂದ ಒಂದೊಂದು ಸರದಿಗೆ ಎಷ್ಟು ಎಂದು ಎಣಿಸಿ. ಅದರ ಜೊತೆಗೆ ಪ್ಲಸ್-ಮೈನಸ್ ಎಂಬ ಲೆಕ್ಕವೂ ಬಳಕೆಗೆ ಬಂತು. ಒಬ್ಬ ಆಟಗಾರ ಅಂಗಳದಲ್ಲಿದ್ದಾಗ ತಂಡ ಗಳಿಸಿದ್ದೆಷ್ಟು, ಕೊಟ್ಟದ್ದೆಷ್ಟು. ಅವನು ಬೆಂಚಿನಲ್ಲಿದ್ದಾಗ ಎಷ್ಟು. ಒಬ್ಬನನ್ನು ಹೀಗೆ ಅಳೆದ ಮೇಲೆ ಐವರ ಜೋಡಣೆಯನ್ನೂ ಅಳೆಯಬಹುದು. ಯಾವ ಐವರು ಒಟ್ಟಿಗೆ ಇದ್ದಾಗ ತಂಡ ಮುಂದೆ ಹೋಗುತ್ತದೆ, ಯಾವ ಐವರಿದ್ದಾಗ ಹಿಂದೆ ಬೀಳುತ್ತದೆ ಎಂದು ಅಲ್ಲಿನ ಕಾಲೇಜು ಕೋಚುಗಳು ಪಂದ್ಯ ಮುಗಿದ ರಾತ್ರಿಯೇ ನೋಡುತ್ತಾರೆ.

ಕಬಡ್ಡಿಗೆ ಈ ಲೆಕ್ಕ ಹೇಳಿ ಮಾಡಿಸಿದಂತಿದೆ, ಏಕೆಂದರೆ ಸರದಿ ಇಲ್ಲಿ ತಾನಾಗಿಯೇ ಕತ್ತರಿಸಿ ಬರುತ್ತದೆ. ಒಂದು ರೇಡಿಗೆ ಹೆಚ್ಚೆಂದರೆ 30 ಸೆಕೆಂಡು. 20-20 ನಿಮಿಷದ ಎರಡು ಅವಧಿಯ ಪಂದ್ಯದಲ್ಲಿ ಒಂದೊಂದು ತಂಡಕ್ಕೆ ಸುಮಾರು 40 ರೇಡ್ ಸಿಗುತ್ತವೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಬಾಸ್ಕೆಟ್‌ಬಾಲ್‌ನಲ್ಲಿ ಯಾವ ಐವರು ಇರಬೇಕೆಂದು ಕೋಚ್ ನಿರ್ಧರಿಸುತ್ತಾನೆ. ಕಬಡ್ಡಿಯಲ್ಲಿ ಕೋಚ್ ಆರಿಸುವುದು ಮೊದಲ ಏಳು ಜನರನ್ನು. ಆಮೇಲೆ ಒಳಗೆ ಯಾರು ಉಳಿಯುತ್ತಾರೆಂಬುದನ್ನು ಹೆಚ್ಚಾಗಿ ಎದುರಾಳಿಯೇ ತೀರ್ಮಾನಿಸುತ್ತಾನೆ. ಔಟಾದವರು ಔಟಾದ ಕ್ರಮದಲ್ಲಿಯೇ ವಾಪಸು ಬರಬೇಕು. ನಿನಗೆ ಬೇಕಾದವನು ಮೊದಲು ಬರುವುದಿಲ್ಲ. ನಿನ್ನ ಮುಖ್ಯ ರೇಡರ್ ಹೊರಗಿನ ಸಾಲಿನಲ್ಲಿ ಮೂರನೆಯವನಾಗಿ ಕೂತಿದ್ದರೆ ಅವನು ಒಳಗೆ ಬರಲು ತಂಡ ಮೂರು ಅಂಕ ಗಳಿಸಬೇಕು. ಅವು ಮುಟ್ಟಿದ ಅಥವಾ ಹಿಡಿದ ಅಂಕಗಳೇ ಆಗಬೇಕು; ಬೋನಸ್ ಅಂಕಕ್ಕೆ ಯಾರೂ ಬದುಕಿ ಬರುವುದಿಲ್ಲ. ನೋಟ್‌ಬುಕ್ ಬರೆಯುವವನ ಕೆಲಸಕ್ಕೆ ಬೆಲೆ ಬರುವುದು ಇಲ್ಲಿಯೇ. ಸ್ಕೋರ್ ಬೋರ್ಡ್ 18-16 ಎಂದು ತೋರಿಸುತ್ತದೆ. ಆ ಹೊತ್ತಿಗೆ ಒಳಗೆ ಯಾವ ನಾಲ್ವರಿದ್ದರು ಎಂದು ತೋರಿಸುವುದಿಲ್ಲ.

ಅವನ ಪುಟವನ್ನು ಹತ್ತಿರದಿಂದ ನೋಡೋಣ. ಒಂದು ರೇಡಿಗೆ ಒಂದು ಸಾಲು. ಎಡತುದಿಗೆ ರೇಡಿನ ಸಂಖ್ಯೆ, ಪಕ್ಕದಲ್ಲಿ ರೇಡರ್‌ನ ಜರ್ಸಿ ನಂಬರು. ಆಮೇಲೆ ಎದುರಿಗೆ ಎಷ್ಟು ಜನ ಇದ್ದರು ಎಂಬ ಅಂಕಿ, ಒಂದರಿಂದ ಏಳರವರೆಗೆ. ಇದನ್ನು ಬರೆಯದ ನೋಟ್‌ಬುಕ್ ಇದ್ದೂ ಇಲ್ಲದಂತೆ. ಆರು ಅಥವಾ ಏಳು ಜನ ಇದ್ದರೆ ಮಾತ್ರ ಬೋನಸ್ ಗೆರೆ ಜೀವಂತ. ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಸಿಕ್ಕಿಬಿದ್ದರೆ ಅದು ಸೂಪರ್ ಟ್ಯಾಕಲ್, ಎದುರಾಳಿಗೆ ಎರಡು ಅಂಕ. ಅಂದರೆ ಅದೇ ರೇಡರ್, ಅದೇ ಹೆಜ್ಜೆ, ಆದರೆ ಏಳು ಜನರ ಎದುರು ಇರುವ ಬೆಲೆ ಬೇರೆ, ಮೂವರ ಎದುರು ಇರುವ ಬೆಲೆ ಬೇರೆ. ಮುಂದಿನ ಕಲಮಿನಲ್ಲಿ ಫಲ: ಟಚ್, ಬೋನಸ್, ಖಾಲಿ ಅಥವಾ ಹಿಡಿದದ್ದು. ಹಿಡಿದಿದ್ದರೆ ಯಾರು ಮೊದಲು ಕೈ ಹಾಕಿದರು, ಯಾರು ಬಂದು ಸೇರಿದರು ಎಂದು ಎರಡು ನಂಬರು. ಸತತ ಎರಡು ಖಾಲಿ ರೇಡ್‌ಗಳ ನಂತರದ ಮೂರನೆಯದು ‘ಡೂ ಆರ್ ಡೈ’ ಆಗಿದ್ದರೆ ಒಂದು ಚುಕ್ಕೆ. ಕೊನೆಗೆ ಒಳಗೆ ಹೋದವರು, ಹೊರಗೆ ಬಂದವರು. ಏಳೂ ಹೆಸರು ಪ್ರತಿ ಸಾಲಿನಲ್ಲಿ ಬರೆಯುತ್ತ ಕೂತರೆ ಮುಂದಿನ ರೇಡ್ ಮುಗಿದುಹೋಗಿರುತ್ತದೆ. ಬದಲಾದವನ ನಂಬರಿನ ಮುಂದೆ ಮೇಲ್ಮುಖ ಅಥವಾ ಕೆಳಮುಖ ಬಾಣ ಹಾಕಿದರೆ ಸಾಕು. ಮಿಕ್ಕದ್ದನ್ನು ರಾತ್ರಿ ಕೂತು ಜೋಡಿಸಿಕೊಳ್ಳಬಹುದು. ಮೊಬೈಲನ್ನು ಎಂಡ್ ಲೈನಿನ ಹಿಂದೆ ಸ್ವಲ್ಪ ಎತ್ತರಕ್ಕೆ ಕಟ್ಟಿ ವೀಡಿಯೊ ಮಾಡಿಟ್ಟಿದ್ದರೆ ಸಂದೇಹ ಬಂದ ಸಾಲನ್ನು ಮತ್ತೆ ನೋಡಬಹುದು. ಆದರೂ ಕೈಯಲ್ಲಿ ಬರೆಯುವುದನ್ನು ಬಿಡಬಾರದು. ಬರೆಯುವಾಗ ಕಣ್ಣು ರೇಡರ್‌ನನ್ನು ಬಿಟ್ಟು ಉಳಿದವರ ಕಡೆ ಹೋಗುವುದನ್ನು ಕಲಿಯುತ್ತದೆ, ಅದು ವೀಡಿಯೊ ನೋಡಿದರೆ ಬರುವುದಿಲ್ಲ.

ಈಗ ಒಂದು ಲೆಕ್ಕ. ಕಲ್ಪಿತ ಪಂದ್ಯವೆಂದುಕೊಳ್ಳಿ, ನಮ್ಮ ಕಾಲೇಜು 34-31ಕ್ಕೆ ಗೆದ್ದಿದೆ, ಒಟ್ಟು 80 ರೇಡ್. ಹತ್ತನೇ ನಂಬರಿನ ಹುಡುಗ 20 ರೇಡ್ ಹೋಗಿ 10 ಅಂಕ ತಂದ, ಎಂಟು ಸಲ ಔಟಾದ. ನಾಲ್ಕನೇ ನಂಬರಿನವನು 16 ರೇಡ್ ಹೋಗಿ 7 ಅಂಕ ತಂದ, ಎರಡು ಸಲ ಔಟಾದ, ಏಳು ಸಲ ಬರಿಗೈಯಲ್ಲಿ ಬಂದ. ಊರಿನ ಬಾಯಲ್ಲಿ ಹತ್ತನೇ ನಂಬರಿನವನೇ ಹೀರೊ. ಪುಟ ತೆರೆದು ನೋಡಿದರೆ ಅವನ 10 ಅಂಕಗಳಲ್ಲಿ ನಾಲ್ಕು ಬೋನಸ್. ಅಂದರೆ ಅವನು ಬದುಕಿಸಿದ್ದು ಆರು ಸಂಗಡಿಗರನ್ನು, ತಾನು ಸಿಕ್ಕಿಬಿದ್ದು ಎದುರಾಳಿಗೆ ಬದುಕಿಸಿಕೊಟ್ಟದ್ದು ಎಂಟು ಜನರನ್ನು. ನಾಲ್ಕನೇ ನಂಬರಿನವನ ಏಳರಲ್ಲಿ ಬೋನಸ್ ಒಂದೇ. ಬದುಕಿಸಿದ್ದು ಆರು, ಕೊಟ್ಟದ್ದು ಎರಡು. ಇನ್ನೂ ಮುಂದೆ ಹೋಗಿ ಬಾಣಗಳನ್ನು ಜೋಡಿಸಿದರೆ ಹತ್ತನೇ ನಂಬರಿನವನು 80ರಲ್ಲಿ 46 ರೇಡ್‌ಗಳ ಕಾಲ ಮಾತ್ರ ಒಳಗಿದ್ದ. ಅವನಿದ್ದಾಗ ತಂಡ 19-21, ಇಲ್ಲದಾಗ 15-10. ನಾಲ್ಕನೆಯವನು 69 ರೇಡ್ ಒಳಗಿದ್ದ. ಇದ್ದಾಗ 31-22, ಇಲ್ಲದಾಗ 3-9.

ಕಾರ್ಖಾನೆಗೆ ಕಬ್ಬು ಕಳಿಸುವ ನಮ್ಮ ರೈತರಿಗೆ ಇದು ಕೂಡಲೇ ತಿಳಿಯುತ್ತದೆ: ಕಾಟಾದ ಮೇಲೆ ಬರುವ ಟನ್ನು ಒಂದು ಲೆಕ್ಕ, ಗಾಣಕ್ಕೆ ಹೋದ ಮೇಲಿನ ಇಳುವರಿ ಇನ್ನೊಂದು ಲೆಕ್ಕ.

ಆದರೆ ಇಷ್ಟಕ್ಕೇ ಹತ್ತನೇ ನಂಬರಿನ ಹುಡುಗನನ್ನು ಕೂರಿಸಿಬಿಟ್ಟರೆ ಅದು ಅನ್ಯಾಯ. ಒಳ್ಳೆಯ ವಿಶ್ಲೇಷಕ ಇಲ್ಲಿ ನಿಲ್ಲುತ್ತಾನೆ, ಚುಕ್ಕೆಗಳನ್ನು ಎಣಿಸುತ್ತಾನೆ. ಅವನ ಎಂಟು ಔಟ್‌ಗಳಲ್ಲಿ ಐದು ‘ಡೂ ಆರ್ ಡೈ’ ರೇಡ್‌ಗಳಾಗಿದ್ದರೆ? ಎಲ್ಲರೂ ಖಾಲಿ ಬಂದು ಕೊನೆಗೆ ಕಷ್ಟದ ರೇಡನ್ನು ಅವನ ತಲೆಗೇ ಕಟ್ಟುತ್ತಿದ್ದಾರೆ ಎಂದಾಯಿತು. ನಾಲ್ಕನೆಯವನ ಏಳು ಖಾಲಿ ರೇಡ್‌ಗಳೇ ಆ ಚುಕ್ಕೆಗಳನ್ನು ಹುಟ್ಟಿಸಿದ್ದರೂ ಆಶ್ಚರ್ಯವಿಲ್ಲ. ಅದೇ ಖಾಲಿ ರೇಡ್ ಕೊನೆಯ ಎರಡು ನಿಮಿಷದಲ್ಲಿ, ಮೂರು ಅಂಕ ಮುಂದಿರುವಾಗ ಬಂದರೆ ಅದು ಚಿನ್ನ: ಬಾಕ್ ಗೆರೆ ದಾಟಿ, ಉಸಿರು ಹಿಡಿದು, 30 ಸೆಕೆಂಡು ತಿಂದು ಬರುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಆದ್ದರಿಂದ ಪ್ರತಿ ಸಾಲಿನ ತುದಿಗೆ ಆ ಹೊತ್ತಿನ ಸ್ಕೋರ್ ಮತ್ತು ಸಮಯ ಇರಲೇಬೇಕು.

ಹಿಡಿಯುವವರ ಲೆಕ್ಕ ಇನ್ನೂ ಸೂಕ್ಷ್ಮ, ನನಗೆ ಹೆಚ್ಚು ಇಷ್ಟವಾದದ್ದೂ ಅದೇ. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳದಲ್ಲಿ ಎರಡು ಕಾರ್ನರ್, ಅವರ ಪಕ್ಕ ಇನ್, ಕವರ್, ನಡುವೆ ಸೆಂಟರ್. ಕೈ ಕೈ ಹಿಡಿದ ಜೋಡಿಗಳು. ಎಡ ಕಾರ್ನರ್ ಪಾದದ ಮೇಲಿನ ಗಂಟಿಗೆ ಬಿದ್ದು ಹಿಡಿಯುತ್ತಾನೆ. ಅಂಕ ಅವನ ಹೆಸರಿಗೆ. ಆದರೆ ರೇಡರ್ ಗೆರೆಯ ಕಡೆ ಚಾಚಿಕೊಳ್ಳುವ ಮೊದಲೇ ಕವರ್‌ನ ಹುಡುಗ ದಾರಿ ಮುಚ್ಚಿ ನಿಂತಿರದಿದ್ದರೆ ಆ ಹಿಡಿತ ಉಳಿಯುತ್ತಿರಲಿಲ್ಲ. ಸ್ಕೋರ್ ಶೀಟಿನಲ್ಲಿ ಆ ಹುಡುಗನಿಗೆ ಸೊನ್ನೆ. ಎರಡನೇ ನಂಬರು ಬರೆದುಕೊಂಡ ನೋಟ್‌ಬುಕ್‌ನಲ್ಲಿ ಮಾತ್ರ ಅವನು ಕಾಣುತ್ತಾನೆ. ಬೇಗ ನುಗ್ಗಿ, ಹಿಡಿತ ತಪ್ಪಿ, ತಾನೂ ಔಟಾಗಿ ಜೊತೆಯವನನ್ನೂ ಔಟ್ ಮಾಡಿಸಿದವನೂ ಅಲ್ಲಿಯೇ ಕಾಣುತ್ತಾನೆ.

ಜೋಡಣೆ ಅಳೆಯುವಾಗ ಒಂದು ಬಲೆ ಇದೆ. ಎಡ ಕಾರ್ನರ್ ಮತ್ತು ಎಡ ಕವರ್ ಇಬ್ಬರೂ ಇದ್ದಾಗ ತಂಡ ಹೆಚ್ಚು ಹಿಡಿಯಿತು, ಒಬ್ಬ ಹೊರಗಿದ್ದಾಗ ಕಡಿಮೆ ಹಿಡಿಯಿತು ಎಂದ ಮಾತ್ರಕ್ಕೆ ಆ ಜೋಡಿ ದೊಡ್ಡದೆಂದಾಗುವುದಿಲ್ಲ. ಒಬ್ಬ ಹೊರಗಿದ್ದಾನೆಂದರೆ ಒಳಗೆ ಜನವೇ ಕಡಿಮೆ. ಐವರಿದ್ದ ರೇಡ್‌ಗಳನ್ನು ಐವರಿದ್ದ ರೇಡ್‌ಗಳ ಜೊತೆಗೇ ಹೋಲಿಸಬೇಕು: ಆ ಐವರಲ್ಲಿ ಈ ಜೋಡಿ ಇದ್ದಾಗ ಏನಾಯಿತು, ಇಲ್ಲದಾಗ ಏನಾಯಿತು. ಹಾಗೆಯೇ ಆಲೌಟ್. ಅದರಿಂದ ಎದುರಾಳಿಗೆ ಸಿಗುವ ಎರಡು ಹೆಚ್ಚುವರಿ ಅಂಕ ಕೊನೆಗೆ ಒಳಗೆ ಉಳಿದವನ ಮೈನಸ್ಸಿಗೆ ಬೀಳುತ್ತದೆ. ಎಲ್ಲರೂ ಬಿದ್ದ ಮೇಲೂ ಒಬ್ಬಂಟಿಯಾಗಿ ನಿಂತವನಿಗೆ ಆ ಶಿಕ್ಷೆ ಸಲ್ಲದು. ಆಲೌಟ್ ಅಂಕವನ್ನು ಬೇರೆ ಕಲಮಿನಲ್ಲಿ ಇಡಬೇಕು. ಹೀಗೆ ವಿಂಗಡಿಸಿದಾಗ ಒಂದು ಪಂದ್ಯದಲ್ಲಿ ಒಂದೊಂದು ಖಾನೆಗೆ ನಾಲ್ಕೈದು ರೇಡ್ ಉಳಿದರೆ ಹೆಚ್ಚು. ಅಷ್ಟರಿಂದ ಯಾರ ಹಣೆಬರಹವನ್ನೂ ಬರೆಯಲಾಗದು. ಋತುವಿನ ಎಲ್ಲ ಪಂದ್ಯಗಳ ಪುಟ ಸೇರಿಸಿದಾಗಷ್ಟೇ ಮಾತು ಗಟ್ಟಿಯಾಗುತ್ತದೆ. ಇಲ್ಲಿ ಬೇಕಾದದ್ದು ತಾಳ್ಮೆ, ಗಣಿತ ಐದನೇ ತರಗತಿಯದು ಸಾಕು.

ಈ ನೋಟ ದೊಡ್ಡ ಆಟದಲ್ಲಿ ಎಷ್ಟು ನಿಜವೆಂಬುದಕ್ಕೆ ನಮ್ಮ ಬಿ.ಸಿ. ರಮೇಶ್ ಅವರ ತಂಡಗಳನ್ನು ನೋಡಬೇಕು. ಕರ್ನಾಟಕದ ಈ ಅರ್ಜುನ ಪ್ರಶಸ್ತಿ ವಿಜೇತರು ಕೋಚ್ ಆಗಿ ಎರಡು ಬೇರೆ ಬೇರೆ ತಂಡಗಳಿಗೆ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದುಕೊಟ್ಟವರು. 2019ರ ಋತುವಿನಲ್ಲಿ ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ 346 ರೇಡ್ ಅಂಕ ತಂದು ಎಲ್ಲರಿಗಿಂತ ಮುಂದಿದ್ದರು. ಬುಲ್ಸ್ ಸೆಮಿಫೈನಲ್‌ನಲ್ಲಿ ಸೋತಿತು. ಆ ವರ್ಷ ಗೆದ್ದದ್ದು ರಮೇಶ್ ಅವರ ಬೆಂಗಾಲ್ ವಾರಿಯರ್ಸ್, ಅದೂ ನಾಯಕ ಹಾಗೂ ಮುಖ್ಯ ರೇಡರ್ ಮಣಿಂದರ್ ಸಿಂಗ್ ಗಾಯಗೊಂಡು ಫೈನಲ್‌ನಿಂದ ಹೊರಗುಳಿದಿದ್ದಾಗ. ಅಂತಿಮ ಸ್ಕೋರ್ 39-34. 2024ರ ಮಾರ್ಚ್ 1ರಂದು ಅವರ ಪುಣೇರಿ ಪಲ್ಟನ್ ಫೈನಲ್‌ನಲ್ಲಿ ಹರಿಯಾಣ ಸ್ಟೀಲರ್ಸನ್ನು 28-25ಕ್ಕೆ ಸೋಲಿಸಿತು. ಆ ಋತುವಿನ ರೇಡ್ ಅಂಕಗಳ ಪಟ್ಟಿಯ ತುದಿಯಲ್ಲಿ ಪುಣೆಯವರು ಯಾರೂ ಇರಲಿಲ್ಲ. ಟ್ಯಾಕಲ್ ಪಟ್ಟಿಯ ತುದಿಯಲ್ಲಿ ಅವರ ಇರಾನಿ ಆಟಗಾರ ಶಾದ್ಲೂಯಿ ಇದ್ದರು. ದೊಡ್ಡ ರೇಡರ್ ಬೇಡವೆಂದು ಇದರಿಂದ ತೀರ್ಮಾನಿಸಬಾರದು. ಪವನ್ ಅವರ 346 ಅಂಕಗಳ ಋತುವಿಗೂ ಹಿಂದಿನ ಋತುವಿನಲ್ಲಿ, 2019ರ ಜನವರಿ 5ರ ಫೈನಲ್‌ನಲ್ಲಿ ಬುಲ್ಸ್ 38-33ಕ್ಕೆ ಗೆದ್ದಾಗ ಪವನ್ ಒಬ್ಬರೇ 22 ಅಂಕ ತಂದಿದ್ದರು. ಅವರು ಹೊರಗೆ ಕೂತಾಗ ಬೇಗ ಒಳಗೆ ಕರೆತರುವವರು ಯಾರು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಆ ಉತ್ತರ ಟ್ಯಾಕಲ್ ಕಲಮಿನಲ್ಲಿರುತ್ತದೆ.

ಚಿಕ್ಕೋಡಿಯ ಬಸವಪ್ರಭು ಕೋರೆ ಕಾಲೇಜು, ನಿಪ್ಪಾಣಿಯ ಬಾಗೇವಾಡಿ ಕಾಲೇಜು, ಕಾಗವಾಡದ ಶಿವಾನಂದ ಕಾಲೇಜು. ಅಂಕಲಿಯಂಥ ಊರಿನ ಹುಡುಗರು ಓದಲು ಹೋಗುವುದು ಇಂಥ ಕಡೆಗಳಿಗೆ. ಬೆಳಿಗ್ಗೆ ಹೊಲದ ಕೆಲಸ, ಬಸ್ಸು, ತರಗತಿ, ಸಂಜೆ ಅಭ್ಯಾಸ. ಅಂಥ ತಂಡದ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಹತ್ತು ಪುಟದ ವರದಿ ಕೊಟ್ಟರೆ ಉಪಯೋಗವಿಲ್ಲ. ಎರಡು ನಿಮಿಷದಲ್ಲಿ ಓದಿ ಮುಗಿಯುವಷ್ಟು ಕೊಡಬೇಕು. “ಸರ, ಬಲಗಡೆ ಕವರ್ ಔಟ್ ಆದ ಕೂಡ್ಲೇ ನಾವ್ ಹಿಡಿಯೋದ ಬಿಟ್ಟಬಿಡ್ತೀವ್ರಿ. ಐದ್ ಮಂದಿ ಇದ್ದಾಗ ಬಲ ಕಾರ್ನರ್ ಒಬ್ನ ನುಗ್ತಾನ, ಹಿಂದ ಯಾರೂ ಬರಂಗಿಲ್ಲ.” ಇಷ್ಟು ಹೇಳಿ ಆ ಸಾಲುಗಳಿಗೆ ಹೊಂದುವ ಮೂರು ವೀಡಿಯೊ ತುಣುಕು ತೋರಿಸಿದರೆ ಮರುದಿನದ ಅಭ್ಯಾಸ ತಾನಾಗಿ ಗೊತ್ತಾಗುತ್ತದೆ: ಬಲ ಕವರ್‌ನನ್ನು ಹೊರಗೆ ನಿಲ್ಲಿಸಿ, ಐವರನ್ನೇ ಬಿಟ್ಟು, ಸೆಂಟರ್ ಹುಡುಗ ಬಲಕ್ಕೆ ಸರಿದು ಕಾರ್ನರ್‌ನ ಹಿಂದೆ ಬರುವವರೆಗೆ ಅದೇ ರೇಡನ್ನು ಮತ್ತೆ ಮತ್ತೆ ಹಾಕಿಸುವುದು.