ಟಿಕೆಟ್ಟಿನ ದರ, ಬೋಗಿಯ ವಯಸ್ಸು

ಬೀರೂರು ಮತ್ತು ಚಿಕ್ಕಜಾಜೂರಿನ ನಡುವೆ ಹೊಸದುರ್ಗ ರೋಡ್ ಎಂಬ ಸ್ಟೇಷನ್ ಇದೆ. 2023ರ ಫೆಬ್ರುವರಿ 8ರ ಸಂಜೆ, ಯಶವಂತಪುರದಿಂದ ದೆಹಲಿಯ ನಿಜಾಮುದ್ದೀನ್‌ಗೆ ಹೊರಟಿದ್ದ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಅಲ್ಲಿಂದ ಮುಂದೆ ಸಾಗಲು ಅನುಮತಿ ಸಿಕ್ಕಿತ್ತು. ಗಾಡಿ ಹೊರಟಿತ್ತು ಕೂಡ. ಆದರೆ ಮುಂದೆ ಹಳಿ ಕವಲೊಡೆಯುವ ಪಾಯಿಂಟ್ ಬೇರೆಯೇ ಹಳಿಗೆ ತಿರುಗಿರುವುದು ಲೋಕೊ ಪೈಲಟ್ ಕಣ್ಣಿಗೆ ಬಿತ್ತು. ಪಾಯಿಂಟ್ ಮುಟ್ಟುವ ಮುಂಚೆಯೇ ಅವರು ಗಾಡಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಮರುದಿನ ನೈರುತ್ಯ ರೈಲ್ವೆಯ ಸಂಚಾರ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ಪತ್ರ ಬರೆದರು. ಸಿಗ್ನಲ್ ಕೊಟ್ಟು ಗಾಡಿ ಹೊರಟ ಮೇಲೂ ದಾರಿ ಬದಲಾಗುವಂಥ ಗಂಭೀರ ಲೋಪ ಈ ವ್ಯವಸ್ಥೆಯಲ್ಲಿದೆ, ಸರಿಪಡಿಸದಿದ್ದರೆ ದೊಡ್ಡ ಅನಾಹುತವಾದೀತು ಎಂಬುದು ಅದರ ತಾತ್ಪರ್ಯ.

ಆ ಪತ್ರ ಜನರ ಬಾಯಿಗೆ ಬಂದದ್ದು ಅನಾಹುತ ಆದ ಮೇಲೆ. ಜೂನ್ 2ರ ಸಂಜೆ ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹಾನಗಾ ಬಜಾರ್ ಸ್ಟೇಷನ್ನಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಹಳಿಯ ಹಸಿರು ಸಿಗ್ನಲ್ ಬಿದ್ದಿತ್ತು, ಪಾಯಿಂಟ್ ಮಾತ್ರ ಗಾಡಿಗಳನ್ನು ಬದಿಗೆ ನಿಲ್ಲಿಸುವ ಲೂಪ್ ಲೈನಿಗೆ ತಿರುಗಿತ್ತು. ಲೂಪ್ ಲೈನಿನಲ್ಲಿ ಕಬ್ಬಿಣದ ಅದಿರು ತುಂಬಿದ ಗೂಡ್ಸ್ ಗಾಡಿ ನಿಂತಿತ್ತು. ಗಂಟೆಗೆ 128 ಕಿ.ಮೀ. ವೇಗದಲ್ಲಿ ಕೋರಮಂಡಲ್ ಅದಕ್ಕೆ ಅಪ್ಪಳಿಸಿತು. ಸಿಡಿದ ಬೋಗಿಗಳು ಪಕ್ಕದ ಹಳಿಯಲ್ಲಿ ಹೋಗುತ್ತಿದ್ದ ಇನ್ನೊಂದು ಗಾಡಿಯ ಕೊನೆಯ ಬೋಗಿಗಳಿಗೆ ಬಡಿದವು. ಆ ಗಾಡಿ ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೌರಾಕ್ಕೆ ಹೊರಟಿದ್ದದ್ದು. ಸತ್ತವರು 290ಕ್ಕೂ ಹೆಚ್ಚು. ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸಕ್ಕೆಂದು ಸಿಗ್ನಲ್ ಸರ್ಕಿಟ್‌ನಲ್ಲಿ ಮಾಡಿದ ಬದಲಾವಣೆಗಳಲ್ಲಿ ತಪ್ಪು ವೈರಿಂಗ್ ಆಗಿತ್ತು ಎಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಕಂಡುಕೊಂಡಿತು.

ಈ ಎರಡು ಘಟನೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಜನ ನಮ್ಮ ನಡುವೆ ಇದ್ದಾರೆ. ಬ್ಯಾಂಕ್ ನೌಕರರು, ಐಟಿ ಕಂಪನಿಯವರು, ಕಾಲೇಜು ಹುಡುಗರು, ನಿವೃತ್ತ ಗಾರ್ಡುಗಳು, ಹೀಗೆ ಎಲ್ಲ ಬಗೆಯವರೂ ಅವರಲ್ಲಿದ್ದಾರೆ. ಮನೆಯವರ ಬಾಯಲ್ಲಿ ಅವರು ರೈಲು ಹುಚ್ಚರು. ರಜೆಯ ಬೆಳಿಗ್ಗೆ ಮೆಜೆಸ್ಟಿಕ್ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು, ಬಂದ ಇಂಜಿನ್ ಕೃಷ್ಣರಾಜಪುರಂ ಶೆಡ್ಡಿನದೋ ಹುಬ್ಬಳ್ಳಿ ಶೆಡ್ಡಿನದೋ ಎಂದು ಪಕ್ಕದ ಬರಹ ಓದಿ ಗುರುತು ಮಾಡಿಕೊಳ್ಳುತ್ತಾರೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ನುಗಳ ಸದ್ದು ಕೇಳಲೆಂದೇ ಪ್ರಯಾಣ ಮಾಡುವವರೂ ಅವರಲ್ಲಿದ್ದಾರೆ. ಆದರೆ ಅವರ ಮಾತುಕತೆ ಇಂಜಿನ್ನಿನ ಅಂದಚಂದಕ್ಕೆ ನಿಲ್ಲುವುದಿಲ್ಲ. ಒಂದು ಅಪಘಾತದ ಸುದ್ದಿ ಬಂದರೆ ಅವರು ಮೊದಲು ಕೇಳುವುದು, ‘ಐಸಿಎಫ್ಫಾ, ಎಲ್‌ಎಚ್‌ಬಿಯಾ?’

ಆ ಪ್ರಶ್ನೆಯ ತೂಕ ತಿಳಿಯಬೇಕಾದರೆ ಎರಡು ಬೋಗಿಗಳು ಸೇರುವ ಜಾಗವನ್ನು ಬಗ್ಗಿ ನೋಡಬೇಕು. ಹಳೆಯ ಬೋಗಿಯಾದರೆ ಎಡಕ್ಕೊಂದು ಬಲಕ್ಕೊಂದು ಗುಂಡನೆಯ ಬಫರ್ ಕಾಣುತ್ತದೆ, ನಡುವೆ ಸ್ಕ್ರೂ ತಿರುಗಿಸಿ ಬಿಗಿದ ಕೊಂಡಿ. ಇದು ಐಸಿಎಫ್ ಮಾದರಿ. ಸ್ವಿಸ್ ತಂತ್ರಜ್ಞಾನ ತಂದು 1955ರಲ್ಲಿ ಮದರಾಸಿನ ಪೆರಂಬೂರಿನಲ್ಲಿ ಶುರುವಾದ ಕಾರ್ಖಾನೆಯ ಹೆಸರೇ ಬೋಗಿಗೂ ಬಂತು. ಢಿಕ್ಕಿಯಾದಾಗ ಈ ಬೋಗಿಗಳು ಒಂದರ ಮೇಲೊಂದು ಹತ್ತುತ್ತವೆ, ಒಂದರೊಳಗೊಂದು ನುಗ್ಗುತ್ತವೆ. ಬಫರ್ ಕಾಣದೆ ನಡುವೆ ಒಂದೇ ದಪ್ಪ ಕೊಂಡಿ ಇದ್ದರೆ ಅದು ಜರ್ಮನಿಯಿಂದ ಬಂದ ಎಲ್‌ಎಚ್‌ಬಿ ಮಾದರಿ. ಸ್ಟೇನ್‌ಲೆಸ್ ಸ್ಟೀಲ್ ಮೈ, ಡಿಸ್ಕ್ ಬ್ರೇಕು. ಹಳಿ ತಪ್ಪಿದರೂ ಕೊಂಡಿ ಸುಲಭಕ್ಕೆ ಬಿಡುವುದಿಲ್ಲ, ಬೋಗಿ ಬೋಗಿಯ ಮೇಲೆ ಹತ್ತುವುದು ಕಡಿಮೆ. 2000ದ ಹೊತ್ತಿಗೇ ಇವು ನಮ್ಮ ದೇಶಕ್ಕೆ ಬಂದವು. ಪೆರಂಬೂರಿನಲ್ಲಿ ಹಳೆಯ ಮಾದರಿಯ ತಯಾರಿಕೆ ನಿಂತದ್ದು ಮಾತ್ರ 2018ರ ಜನವರಿಯಲ್ಲಿ.

ಆ ಹದಿನೆಂಟು ವರ್ಷಗಳ ನಡುವೆ ಏನೇನಾಯಿತು ಎಂಬುದನ್ನು ರೈಲು ಪ್ರಿಯರು ಬೆರಳು ಮಡಚಿ ಎಣಿಸುತ್ತಾರೆ. 2016ರ ನವೆಂಬರ್ 20ರಂದು ಕಾನ್ಪುರದ ಬಳಿ ಪುಖರಾಯಾಂನಲ್ಲಿ ಇಂದೋರ್–ಪಟ್ನಾ ಎಕ್ಸ್‌ಪ್ರೆಸ್ ಹಳಿ ತಪ್ಪಿ ಸುಮಾರು 150 ಜನ ಸತ್ತರು. ಅವು ಹಳೆಯ ಮಾದರಿಯ ಬೋಗಿಗಳು.

ಎಲ್‌ಎಚ್‌ಬಿ ಬಂದರೆ ಎಲ್ಲ ಸರಿಹೋಯಿತು ಎಂದೂ ಅವರು ಹೇಳುವುದಿಲ್ಲ. ಬಹಾನಗಾದ ಕೋರಮಂಡಲ್ ಎಲ್‌ಎಚ್‌ಬಿ ಬೋಗಿಗಳ ಗಾಡಿಯೇ ಆಗಿತ್ತು. ಮುಂದಿನ ವರ್ಷ, 2024ರ ಅಕ್ಟೋಬರ್ 11ರ ರಾತ್ರಿ, ಚೆನ್ನೈ ಹತ್ತಿರದ ಕವರೈಪೇಟ್ಟೈಯಲ್ಲಿ ಹೆಚ್ಚುಕಡಿಮೆ ಅದೇ ಬಗೆಯ ಅಪಘಾತವಾಯಿತು. ಮೈಸೂರಿನಿಂದ ದರ್ಭಂಗಾಕ್ಕೆ ಹೊರಟ ಬಾಗಮತಿ ಎಕ್ಸ್‌ಪ್ರೆಸ್ ಮುಖ್ಯ ಹಳಿಯ ಸಿಗ್ನಲ್ ಪಡೆದು ಲೂಪ್ ಲೈನಿಗೆ ನುಗ್ಗಿ ನಿಂತ ಗೂಡ್ಸ್ ಗಾಡಿಗೆ ಗುದ್ದಿತು. ಹಲವರು ಗಾಯಗೊಂಡರು, ಒಬ್ಬರೂ ಸಾಯಲಿಲ್ಲ. ಅಲ್ಲಿಯೂ ಎಲ್‌ಎಚ್‌ಬಿ ಬೋಗಿಗಳೇ, ಆದರೆ ವೇಗ ಸುಮಾರು 75 ಕಿ.ಮೀ. ಇತ್ತು. 75ಕ್ಕೂ 128ಕ್ಕೂ ಇರುವ ಅಂತರ ಎಷ್ಟು ಜೀವಗಳದ್ದು ಎಂಬುದು ಈ ಎರಡು ಅಪಘಾತಗಳಿಂದ ಗೊತ್ತಾಗುತ್ತದೆ. ಬೋಗಿ ಎಷ್ಟೇ ಗಟ್ಟಿಯಿದ್ದರೂ ತಾಳಿಕೊಳ್ಳುವುದಕ್ಕೆ ಒಂದು ಮಿತಿ ಇದೆ. ಅದರಾಚೆಗೆ ಕಾಯಬೇಕಾದದ್ದು ಸಿಗ್ನಲ್ಲು.

ಸಿಗ್ನಲ್ ಎಂದ ಕೂಡಲೇ ಮಾತು ‘ಕವಚ’ಕ್ಕೆ ಹೊರಳುತ್ತದೆ. ಲೋಕೊ ಪೈಲಟ್ ಕೆಂಪು ಸಿಗ್ನಲ್ ದಾಟಿದರೆ ತಾನೇ ಬ್ರೇಕ್ ಹಾಕುವ ಈ ವ್ಯವಸ್ಥೆಯ ಮೊದಲ ಪರೀಕ್ಷೆಗಳು ನಡೆದದ್ದು ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಹಳಿಗಳಲ್ಲಿ. ವಾಡಿ, ಬೀದರ್ ಎರಡೂ ನಮ್ಮವೇ. 2016ರ ಫೆಬ್ರುವರಿಯಲ್ಲಿ ಪ್ರಯಾಣಿಕರ ಗಾಡಿಗಳಲ್ಲಿ ಪರೀಕ್ಷೆ ಶುರುವಾಯಿತು, 2020ರಲ್ಲಿ ಇಡೀ ದೇಶಕ್ಕೆ ಇದೇ ಎಂದು ಒಪ್ಪಿಕೊಳ್ಳಲಾಯಿತು. ಬಹಾನಗಾ ಅಪಘಾತದ ಹೊತ್ತಿಗೆ ಸುಮಾರು 68,000 ಕಿ.ಮೀ. ರೈಲು ಮಾರ್ಗದಲ್ಲಿ ಕವಚ ಇದ್ದದ್ದು ಒಂದೂವರೆ ಸಾವಿರ ಕಿ.ಮೀ. ಹತ್ತಿರ ಮಾತ್ರ. ಕವಚ ಇದ್ದಿದ್ದರೆ ಬಹಾನಗಾದಲ್ಲಿ ಜನ ಉಳಿಯುತ್ತಿದ್ದರೇ ಎಂಬುದರ ಮೇಲೆ ಈಗಲೂ ಜೋರು ವಾದ ನಡೆಯುತ್ತದೆ. ಸಿಗ್ನಲ್ಲನ್ನೂ ಪಾಯಿಂಟನ್ನೂ ಒಂದಕ್ಕೊಂದು ಹೊಂದಿಸುವ ಸ್ಟೇಷನ್ನಿನ ಇಂಟರ್‌ಲಾಕಿಂಗ್ ಹೇಳಿದ್ದನ್ನು ನಂಬಿ ಕವಚ ಕೆಲಸ ಮಾಡುತ್ತದೆ. ಇಂಟರ್‌ಲಾಕಿಂಗೇ ತಪ್ಪು ಹೇಳಿದರೆ ಅದು ಮಾಡುವುದು ಸ್ವಲ್ಪ.

ಪೆನುಕೊಂಡದ ಕತೆ ಬೇರೆ. 2012ರ ಮೇ 22ರ ನಸುಕಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಅಲ್ಲಿ ಕೆಂಪು ಸಿಗ್ನಲ್ ದಾಟಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತು. ಮುಂದಿನ ಬೋಗಿ ನಜ್ಜುಗುಜ್ಜಾಗಿ ಬೆಂಕಿ ಹತ್ತಿ ಸುಮಾರು 25 ಜನ ಸತ್ತರು. ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ, ಆಸ್ಪತ್ರೆಗೆ ಬರುವ ಜನರ ಗಾಡಿ ಅದು. ಕವಚದಂಥ ವ್ಯವಸ್ಥೆ ಇರುವುದೇ ಇಂಥ ಅಪಘಾತ ತಪ್ಪಿಸಲಿಕ್ಕೆ.

ಪ್ರಯಾಣ ದರದ ಮಾತು ಬರುವುದು ಇಲ್ಲಿಯೇ. ಪೆನುಕೊಂಡ ಅಪಘಾತಕ್ಕೆ ಮೂರು ತಿಂಗಳ ಮುಂಚೆ, 2012ರ ಫೆಬ್ರುವರಿಯಲ್ಲಿ, ಅನಿಲ್ ಕಾಕೋಡ್ಕರ್ ನೇತೃತ್ವದ ಸುರಕ್ಷತಾ ಸಮಿತಿ ವರದಿ ಕೊಟ್ಟಿತ್ತು. ಮೆಟ್ರೊ ಖ್ಯಾತಿಯ ಇ. ಶ್ರೀಧರನ್ ಆ ಸಮಿತಿಯಲ್ಲಿದ್ದರು. ಹಳೆಯ ಮಾದರಿಯ ಬೋಗಿ ಬಿಟ್ಟು ಎಲ್‌ಎಚ್‌ಬಿಗೆ ಬನ್ನಿ, 19,000 ಕಿ.ಮೀ. ಮುಖ್ಯ ಮಾರ್ಗಗಳಲ್ಲಿ ಆಧುನಿಕ ಸಿಗ್ನಲ್ ಹಾಕಿ, ಲೆವೆಲ್ ಕ್ರಾಸಿಂಗ್ ತೆಗೆಯಿರಿ, ಐದು ವರ್ಷದಲ್ಲಿ ಒಂದು ಲಕ್ಷ ಕೋಟಿ ರೂಪಾಯಿ ಬೇಕು ಎಂದು ಅದು ಹೇಳಿತು. ಮಾರ್ಚ್ 14ರಂದು ರೈಲ್ವೆ ಸಚಿವ ದಿನೇಶ್ ತ್ರಿವೇದಿ ಬಜೆಟ್ ಮಂಡಿಸಿ ಈ ವರದಿಯನ್ನು ನೆನೆದರು. ಹಲವು ವರ್ಷ ಮುಟ್ಟದೆ ಬಿಟ್ಟಿದ್ದ ಪ್ರಯಾಣ ದರವನ್ನು ಸಾಮಾನ್ಯ ಎರಡನೇ ದರ್ಜೆಗೆ ಕಿ.ಮೀ.ಗೆ 2 ಪೈಸೆ, ಸ್ಲೀಪರ್‌ಗೆ 5 ಪೈಸೆಯಂತೆ ಏರಿಸಿದರು. ಅವರ ಪಕ್ಷವೇ ತಿರುಗಿ ಬಿತ್ತು. ನಾಲ್ಕು ದಿನಕ್ಕೆ ಅವರು ರಾಜೀನಾಮೆ ಕೊಟ್ಟರು, ಮುಂದೆ ಬಂದವರು ಕೆಳದರ್ಜೆಗಳ ಏರಿಕೆಯನ್ನು ಹಿಂದಕ್ಕೆ ಪಡೆದರು.

ಅವತ್ತು ಏರಿಕೆ ನಿಂತದ್ದಕ್ಕೆ ಖುಷಿಪಟ್ಟವರಲ್ಲಿ ಯಾರೂ, ಹಾಗಾದರೆ ಆ ಬೋಗಿಗೆ, ಆ ಸಿಗ್ನಲ್ಲಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಲಿಲ್ಲ. ಟಿಕೆಟ್ಟಿನ ದರ, ಬೋಗಿಯ ಮಾದರಿ, ಸಿಗ್ನಲ್ಲಿನ ವಯಸ್ಸು ಬೇರೆಬೇರೆ ಸುದ್ದಿಗಳಾಗಿ ಅಚ್ಚಾಗುತ್ತವೆ, ಆದರೆ ಅವು ಒಂದೇ ಲೆಕ್ಕದ ಪುಸ್ತಕದಲ್ಲಿವೆ. ರೈಲು ಪ್ರಿಯರ ಹರಟೆಯಿಂದ ಉಳಿದವರು ಕಲಿಯಬೇಕಾದದ್ದು ಈ ಒಂದು ವಿಷಯ.

ಹಾಗೆಂದು ಏರಿಸಿದಷ್ಟೂ ಒಳ್ಳೆಯದು ಎಂದು ಒಪ್ಪಲು ಬಾರದು. 2014ರ ಜೂನ್‌ನಲ್ಲಿ ಪ್ರಯಾಣ ದರ ಶೇ 14.2ರಷ್ಟು ಏರಿತು. 2020ರ ಜನವರಿಯಲ್ಲಿ ಮತ್ತೆ ಏರಿತು. ಅದೇ ವರ್ಷದ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತಿತು. ಅಲ್ಲಿಯವರೆಗೆ 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ಕಡಿತವಿತ್ತು. ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ದರ ಹಾಕಿ ಕನಿಷ್ಠ ಟಿಕೆಟ್ಟನ್ನು 10ರಿಂದ 30 ರೂಪಾಯಿ ಮಾಡಲಾಯಿತು. ಅದು ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ಒಂದೆರಡು ಸ್ಟೇಷನ್ ಆಚೆಯ ಕೆಲಸಕ್ಕೆ ಹೋಗುವ ಹೆಂಗಸಿಗೆ ಆ 20 ರೂಪಾಯಿ ಏನೆಂದು ಮದ್ದೂರು, ಬಂಗಾರಪೇಟೆ ಕಡೆಯ ಪ್ರಯಾಣಿಕರನ್ನು ಕೇಳಿದರೆ ಹೇಳುತ್ತಾರೆ.

2025ರ ಜುಲೈ 1ರಿಂದ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳ ದರ ಎಸಿಯಿಲ್ಲದ ದರ್ಜೆಗೆ ಕಿ.ಮೀ.ಗೆ 1 ಪೈಸೆ, ಎಸಿಗೆ 2 ಪೈಸೆ ಏರಿತು. ಡಿಸೆಂಬರ್ 26ರಿಂದ ಎರಡಕ್ಕೂ ಇನ್ನೊಂದು 2 ಪೈಸೆ. ಬೆಂಗಳೂರಿನಿಂದ ದೆಹಲಿಗೆ ಸುಮಾರು 2,400 ಕಿ.ಮೀ. ಎಂದು ಲೆಕ್ಕ ಹಾಕಿದರೆ ಆರು ತಿಂಗಳಲ್ಲಿ ಸ್ಲೀಪರ್‌ಗೆ 72 ರೂಪಾಯಿ, ಎಸಿಗೆ 96 ರೂಪಾಯಿ ಹೆಚ್ಚಾಯಿತು. ಸೀಸನ್ ಪಾಸ್ ಮುಟ್ಟಲಿಲ್ಲ. ಇದು ದೊಡ್ಡ ಹೊರೆಯಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಪ್ರಯಾಣದ ನಿಜವಾದ ಖರ್ಚಿನಲ್ಲಿ ಸರಾಸರಿ ಶೇ 57ರಷ್ಟನ್ನು ಮಾತ್ರ ವಸೂಲು ಮಾಡುತ್ತೇವೆ ಎಂದು ರೈಲ್ವೆ ಟಿಕೆಟ್ಟಿನ ಮೇಲೆಯೇ ಅಚ್ಚು ಹಾಕುತ್ತಿತ್ತು. ಉಳಿದದ್ದನ್ನು ಕಲ್ಲಿದ್ದಲು, ಅದಿರು, ಸಿಮೆಂಟು ಹೊರುವ ಗೂಡ್ಸ್ ಗಾಡಿಗಳು ತುಂಬಿಕೊಡುತ್ತವೆ.

ಆದರೆ ಕೊಟ್ಟ ದುಡ್ಡು ಎಲ್ಲಿ ಹೋಯಿತು ಎಂದು ಕೇಳುವ ಜಾಗ ಕಿರಿದಾಗಿದೆ. 2017ರಿಂದ ಪ್ರತ್ಯೇಕ ರೈಲ್ವೆ ಬಜೆಟ್ ಇಲ್ಲ. ತ್ರಿವೇದಿಯವರು ಸಂಸತ್ತಿನಲ್ಲಿ ನಿಂತು ಹೇಳಿದ್ದನ್ನು ಈಗ ಒಂದು ಸುತ್ತೋಲೆ ಹೇಳುತ್ತದೆ. ಅದೇ ವರ್ಷ ಸುರಕ್ಷತೆಗೆಂದೇ ಐದು ವರ್ಷಕ್ಕೆ ಒಂದು ಲಕ್ಷ ಕೋಟಿ ರೂಪಾಯಿಯ ‘ರಾಷ್ಟ್ರೀಯ ರೈಲ್ ಸಂರಕ್ಷಾ ಕೋಶ’ ಆರಂಭವಾಯಿತು. ಹಳಿ ತಪ್ಪುವ ಅಪಘಾತಗಳ ಬಗ್ಗೆ 2022ರಲ್ಲಿ ಬಂದ ಸಿಎಜಿ ವರದಿ, ಆ ನಿಧಿಯ ಹಣದಲ್ಲಿ ಕಾಲು ಒತ್ತುವ ಯಂತ್ರ, ಪಿಂಗಾಣಿ ಪಾತ್ರೆ, ಪೀಠೋಪಕರಣ ಕೊಂಡದ್ದನ್ನು ಪಟ್ಟಿ ಮಾಡಿದೆ. ಹಳಿ ಬದಲಿಸಲು ಇಟ್ಟ ಹಣದಲ್ಲಿ ಕಾಲು ಒತ್ತುವ ಯಂತ್ರ ಬಂದಿದೆ ಎಂಬುದನ್ನು ಓದಿದ ಮೇಲೆ ಎರಡು ಪೈಸೆ ಕೊಡಲೂ ಕೈ ಹಿಂಜರಿದರೆ ಅದು ಪ್ರಯಾಣಿಕರ ತಪ್ಪಲ್ಲ.

ಇನ್ನೊಂದು ವಿಷಯವನ್ನು ಹಳೆಯ ಗಾರ್ಡುಗಳು ಎತ್ತುತ್ತಾರೆ, ಉಳಿದವರು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಬಹುಪಾಲು ಗಾಡಿಗಳಲ್ಲಿ ಜನರಲ್ ಬೋಗಿಗಳು ಎರಡು ತುದಿಗಳಲ್ಲಿ ಇರುತ್ತವೆ. ಮುಂದಿನಿಂದ ಗುದ್ದಿದರೂ ಹಿಂದಿನಿಂದ ಗುದ್ದಿದರೂ ಮೊದಲ ಪೆಟ್ಟು ಅತಿ ಕಡಿಮೆ ದರದ ಟಿಕೆಟ್ ಕೊಂಡವರಿಗೆ. ಬಹಾನಗಾದಲ್ಲಿ ಹೀಗೇ ಆಯಿತು. ರಿಸರ್ವೇಷನ್ ಇಲ್ಲದ ಕಾರಣ ಅವರ ಹೆಸರು ಯಾವ ಚಾರ್ಟ್‌ನಲ್ಲೂ ಇರಲಿಲ್ಲ, ಎಷ್ಟೋ ಶವಗಳ ಗುರುತು ಹಿಡಿಯುವುದೇ ಕಷ್ಟವಾಯಿತು. ಆನ್‌ಲೈನ್‌ನಲ್ಲಿ ಸೀಟು ಕಾದಿರಿಸುವವರಿಗೆ 45 ಪೈಸೆಗೆ ಸಿಗುವ ಹತ್ತು ಲಕ್ಷದ ವಿಮೆ ಜನರಲ್ ಬೋಗಿಯವರಿಗೆ ಸಿಗುವುದಿಲ್ಲ. ಇದನ್ನು ಸರಿಪಡಿಸಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ.

ಹೊಸ ಗಾಡಿಗಳ ಬಗ್ಗೆ ರೈಲು ಪ್ರಿಯರಿಗೆ ಎರಡು ಮನಸ್ಸು. ದಕ್ಷಿಣದ ಮೊದಲ ವಂದೇ ಭಾರತ್ 2022ರ ನವೆಂಬರ್ 11ರಂದು ಮೈಸೂರು–ಚೆನ್ನೈ ನಡುವೆ ಓಡಿದಾಗ ಕ್ಯಾಮೆರಾ ಹಿಡಿದು ಹಳಿ ಪಕ್ಕ ನಿಂತವರೇ, ಅದೇ ಹಳಿಯಲ್ಲಿ ಕಾಲಿಡಲೂ ಜಾಗವಿಲ್ಲದ ಜನರಲ್ ಬೋಗಿ ಹೋಗುವುದನ್ನೂ ಎತ್ತಿ ಆಡಿದರು. ವಂದೇ ಭಾರತ್‌ನ ಸ್ಲೀಪರ್ ಮಾದರಿ ರೂಪುಗೊಂಡದ್ದು ಬೆಂಗಳೂರಿನ ಬಿಇಎಂಎಲ್‌ನಲ್ಲಿ. ಅದರ ಬಗ್ಗೆ ಹೆಮ್ಮೆ ಇದ್ದೇ ಇದೆ. ಆದರೆ ಅವರಲ್ಲಿ ಅನೇಕರಿಗೆ ಹೆಚ್ಚು ಸಮಾಧಾನ ತಂದದ್ದು ಅಮೃತ ಭಾರತ್. 2023ರ ಡಿಸೆಂಬರ್ 30ರಂದು ಹೊರಟ ಮೊದಲ ಎರಡರಲ್ಲಿ ಒಂದು ಮಾಲ್ಡಾದಿಂದ ಬೆಂಗಳೂರಿಗೆ ಬರುವ ಗಾಡಿ. ಎಸಿ ಇಲ್ಲ, 22 ಬೋಗಿಗಳಲ್ಲಿ ಎಂಟು ಜನರಲ್, ಹನ್ನೆರಡು ಸ್ಲೀಪರ್, ಎರಡು ತುದಿಗೂ ಒಂದೊಂದು ಇಂಜಿನ್. ಗಾಡಿ ಹೊರಡುವಾಗ ಎಲ್‌ಎಚ್‌ಬಿ ಬೋಗಿಗಳು ಕೊಡುವ ಜರ್ಕ್ ಇದರಲ್ಲಿ ತಗ್ಗಿದೆ. ಬೆಂಗಳೂರಿನ ಕಟ್ಟಡಗಳನ್ನು ಕಟ್ಟುವ ಜನ ಬಂದುಹೋಗುವ ಗಾಡಿಗೆ ಒಳ್ಳೆಯ ಬೋಗಿ ಸಿಕ್ಕಿದ್ದು ತಡವಾಗಿಯಾದರೂ ಸರಿಯಾದ ಕೆಲಸ.

ಮುಂದಿನ ಸಲ ಪ್ಲಾಟ್‌ಫಾರಂನಲ್ಲಿ ಗಾಡಿ ನಿಂತಾಗ ಓದುಗರು ತಮ್ಮ ಬೋಗಿಯ ಹೊರಮೈ ಮೇಲಿನ ಸಂಖ್ಯೆಯನ್ನು ಒಮ್ಮೆ ನೋಡಬೇಕು. ಅದರ ಮೊದಲ ಎರಡು ಅಂಕಿ ಬೋಗಿ ತಯಾರಾದ ವರ್ಷ. ಬೋಗಿಯ ತುದಿಯಲ್ಲಿ, ಯಾವ ವರ್ಕ್‌ಶಾಪ್‌ನಲ್ಲಿ ಯಾವಾಗ ದೊಡ್ಡ ರಿಪೇರಿ ಆಯಿತು, ಮತ್ತೆ ಯಾವಾಗ ಆಗಬೇಕು ಎಂದು ಬಿಳಿ ಅಕ್ಷರದಲ್ಲಿ ಬರೆದಿರುತ್ತಾರೆ. ಒಂದು ಬೋಗಿಯ ಬಗ್ಗೆ ಇಷ್ಟು ಬಹಿರಂಗವಾಗಿ ಹೇಳುವ ರೈಲ್ವೆ, ಇಡೀ ವ್ಯವಸ್ಥೆಯ ಬಗ್ಗೆಯೂ ಹಾಗೆಯೇ ಹೇಳಬೇಕು. ದರ ಏರಿಸುವ ಪ್ರತಿ ಸುತ್ತೋಲೆಯ ಜೊತೆಗೆ ಹಿಂದಿನ ಏರಿಕೆಯಿಂದ ಎಷ್ಟು ಕಿ.ಮೀ. ಹಳಿ ಬದಲಾಯಿತು, ಎಷ್ಟು ಕಿ.ಮೀ.ಗೆ ಕವಚ ಬಂತು, ಎಷ್ಟು ಹಳೆಯ ಬೋಗಿ ಹೋಯಿತು ಎಂಬ ಲೆಕ್ಕ ಹೊರಬರಬೇಕು. ಪ್ರತಿ ಅಪಘಾತದ ಬಗ್ಗೆ ಸುರಕ್ಷತಾ ಆಯುಕ್ತರು ಕೊಡುವ ವರದಿ ಸಾರಾಂಶವಾಗಿ ಅಲ್ಲ, ಪೂರ್ತಿಯಾಗಿ, ಕನ್ನಡವೂ ಸೇರಿದಂತೆ ಪ್ರಯಾಣಿಕರ ಭಾಷೆಗಳಲ್ಲಿ ಪ್ರಕಟವಾಗಬೇಕು. ನಮ್ಮ ಸಂಸದರು ಈ ಎರಡನ್ನು ಸಂಸತ್ತಿನಲ್ಲಿ ಕೇಳಲಿ.